ಕಾಲು ಯೂನಿಟ್ಟಿನ ಪಂಥ

ಕಲ್ಯಾಣಪ್ಪನ ಮನೆಗೆ ಕೇಡು ಬಂದದ್ದು ಮೀನಿನಿಂದ. ಏಳು ತಲೆಮಾರಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬಂದ ಮನೆತನ ಅದು. ಆ ಹೊಸ್ತಿಲನ್ನು ಒಂದು ಕೋಳಿಮೊಟ್ಟೆ ಕೂಡ ದಾಟಿದ್ದಿಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಹನ್ನೊಂದು ಬಣ್ಣಬಣ್ಣದ ಮೀನುಗಳು ಹಗಲೂ ರಾತ್ರಿ ಈಜಾಡುತ್ತಿದ್ದವು, ಕಂಪ್ಯೂಟರಿನ ಪರದೆಯ ಮೇಲೆ.

ಕಲ್ಯಾಣಪ್ಪ ಆಳಂದದಲ್ಲಿ ರೈತರ ತೊಗರಿಯನ್ನು ಕಮಿಷನ್ನಿಗೆ ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಯಾವುದೋ ಆಫೀಸಿನವರು ಹಳೆಯದಾಯಿತೆಂದು ಕೈಬಿಟ್ಟ ಕಂಪ್ಯೂಟರನ್ನು ಮನೆಗೆ ತಂದು, ಅದಕ್ಕೊಂದು ಟೇಬಲ್ಲು ಮಾಡಿಸಿ, ಟೇಬಲ್ಲಿಗೊಂದು ಹೂವಿನ ಹೊದಿಕೆ ಹೊಲಿಸಿ ಇಟ್ಟುಕೊಂಡಿದ್ದ. ಜನ ಕಂಪ್ಯೂಟರಿನಲ್ಲಿ ಏನೇನೋ ಮಾಡುತ್ತಾರೆ. ಕಲ್ಯಾಣಪ್ಪ ತನಗಾಗಿ ಮಾಡುತ್ತಿದ್ದದ್ದು ಒಂದೇ ಕೆಲಸ: ಓಣಿಯವರ ಹಾಳಾದ ಹಳೆಯ ಫೋಟೋಗಳನ್ನು ತಿದ್ದಿ ನೆಟ್ಟಗೆ ಮಾಡುವುದು. ಹಿಂದಿನ ಮನೆಯ ಜಾನಕೀಬಾಯಿಯ ಮದುವೆ ಫೋಟೋದಲ್ಲಿ ಅವಳ ಗಂಡ ಪ್ರಹ್ಲಾದರಾಯರ ಎಡಗಿವಿಯನ್ನು ಗೆದ್ದಲು ತಿಂದಿತ್ತು. ಬಲಗಿವಿಯನ್ನೇ ಮಗ್ಗುಲು ಬದಲಿಸಿ ಎಡಕ್ಕೆ ಕೂರಿಸಲು ಕಲ್ಯಾಣಪ್ಪ ಮೂರು ವಾರ ತೆಗೆದುಕೊಂಡ. ಕಿವಿ ಕೂತ ದಿನ ಜಾನಕೀಬಾಯಿ ಫೋಟೋ ಹಿಡಿದುಕೊಂಡು ಅತ್ತಳು, ಕಲ್ಯಾಣಪ್ಪನೂ ಅತ್ತ. ದಿನವಿಡೀ ತೊಗರಿಯ ಧೂಳು ಕುಡಿದು ಬಂದವನಿಗೆ ಸಂಜೆಯ ಆ ಒಂದು ತಾಸು ಜೀವಕ್ಕೆ ಜೀವವಾಗಿತ್ತು.

ಅರ್ಧ ಆದ ಕಿವಿ ಎಲ್ಲಿ ಅಳಿಸಿಹೋದೀತೋ ಎಂಬ ಹೆದರಿಕೆಯಿಂದ ಅವನು ಕಂಪ್ಯೂಟರನ್ನು ಬಂದ್ ಮಾಡುತ್ತಲೇ ಇರಲಿಲ್ಲ. ಕೈ ತೆಗೆದು ಸ್ವಲ್ಪ ಹೊತ್ತಾದರೆ ತಾನಾಗಿ ಮೀನುಗಳು ಬರುತ್ತಿದ್ದವು. ಮೀನು ಬಂದವೆಂದರೆ ಮಷೀನು ಮಲಗಿತು ಎಂದು ಅವನು ತಿಳಿದಿದ್ದ. ಓಣಿಗೆಲ್ಲ ಹಾಗೆಂದೇ ಹೇಳಿಯೂ ಇದ್ದ.

ಸರ್ಕಾರ ಇಷ್ಟು ಯೂನಿಟ್ಟಿನವರೆಗೆ ಕರೆಂಟು ಬಿಟ್ಟಿ ಎಂದು ಮಾಡಿದಾಗಿನಿಂದ ಆ ಓಣಿಯ ಎಲ್ಲ ಮನೆಗೂ ಸೊನ್ನೆ ಬಿಲ್ಲೇ ಬರುತ್ತಿತ್ತು. ಈ ತಿಂಗಳು, ಇಷ್ಟು ದಿನ ಮಿತಿಯ ಅಂಚಿನಲ್ಲೇ ನಿಂತಿದ್ದ ಕಲ್ಯಾಣಪ್ಪನ ಮನೆಯ ಬಿಲ್ಲಿನಲ್ಲಿ ಮಾತ್ರ ಸೊನ್ನೆಯ ಜಾಗದಲ್ಲಿ ಬೇರೆ ಅಂಕಿ ಕೂತಿತ್ತು. ಮೀಟರು ಓದುವವನು ಅದನ್ನು ಓಣಿಯ ನಡುವೆ ನಿಂತು ಕೈಗೆ ಕೊಟ್ಟ. ಪಕ್ಕದ ಮನೆಯ ಫರಹತ ಬಂದು, ಸತ್ತವರ ಮನೆಗೆ ಬಂದವರಂತೆ ತಗ್ಗಿದ ದನಿಯಲ್ಲಿ ಶಿವಕಾಂತಾಗೆ ಸಮಾಧಾನ ಹೇಳಿ ಹೋದಳು. ಶಿವಕಾಂತಾ ಕಲ್ಯಾಣಪ್ಪನ ಹೆಂಡತಿ. ಅವಳಿಗೆ ಅವಮಾನವಾಯಿತು. ಅವಮಾನವಾದಾಗ ಅವಳು ಅಳುವವಳಲ್ಲ, ಫೋನು ಹಚ್ಚುವವಳು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ತೊಗರಿ ಬಜಾರು ಬಂದ್. ಬೆಳಿಗ್ಗೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ ಕಲ್ಯಾಣಪ್ಪನ ಎದುರು ಅವಳು ನಿಂತು ತೀರ್ಪು ಓದಿದಳು.

"ಸಂಜೀ ಐದಕ್ಕ ನಮ್ಮ ಶಿವಪ್ರಕಾಶ ಇಜೇರಿಲಿಂದ ಗಾಡಿ ತರ್ತಾನ. ಆ ಕಂಪ್ಯೂಟರ್ ಒಯ್ತಾನ. ಭುವನೇಶ್ವರಿಗಿ ಓದಾಕ ಬೇಕಾಗ್ಯಾದ, ನಮಗ ಸೊನ್ನಿ ಬಿಲ್ ಬೇಕಾಗ್ಯಾದ. ಇಬ್ಬರದೂ ಕೆಲಸ ಆತು."

ಭುವನೇಶ್ವರಿ ಶಿವಕಾಂತಾಳ ತಮ್ಮ ಶಿವಪ್ರಕಾಶನ ಮಗಳು. ಮಾಸ್ತರ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು, ಕಂಪ್ಯೂಟರಿನಲ್ಲಿ ಪ್ರಶ್ನೆ ಬಿಡಿಸುವ ಅಭ್ಯಾಸಕ್ಕೆ ದಿನಾ ಬಸ್ಸು ಹಿಡಿದು ಜೇವರ್ಗಿಗೆ ಹೋಗಿ ಬರುತ್ತಿದ್ದಳು. ಕಲ್ಯಾಣಪ್ಪನಿಗೂ ಆ ಹುಡುಗಿಯ ಮೇಲೆ ಪ್ರೀತಿ ಇತ್ತು. ಆದರೆ ಆ ಹೊತ್ತಿಗೆ ಅವನ ಕಣ್ಣ ಮುಂದೆ ಬಂದದ್ದು ಪ್ರಹ್ಲಾದರಾಯರ ಕಿವಿ.

"ರಾತ್ರಿ ಅದು ಮಲಗ್ತದಲ್ಲ ಶಿವಕಾಂತಾ. ಮೀನ ಬಂದಿದ್ದು ನೀನೇ ನೋಡೀದಿ."

"ಮಲಗಿದ್ದು ಅಷ್ಟು ಬಿಸಿ ಯಾಕ ಇರ್ತದ? ಬೆಳಗಾನ ಬೆಕ್ಕು ಅದರ ಬೆನ್ನಿಗಿ ಹತ್ತಿ ಮಕ್ಕೊಂಡಿರ್ತದ."

ಕಲ್ಯಾಣಪ್ಪ ಅಂಗಳಕ್ಕೆ ಹೋಗಿ ಅನುಜಾಗೆ ಫೋನು ಮಾಡಿದ. ಅನುಜಾ ಜಾನಕೀಬಾಯಿಯ ಮೊಮ್ಮಗಳು, ಅಫಜಲಪುರದ ಕಾಲೇಜಿನಲ್ಲಿ ಪಾಠ ಹೇಳುವವಳು, ಓಣಿಯವರ ಮಟ್ಟಿಗೆ ಕಂಪ್ಯೂಟರಿನ ವೈದ್ಯಳು. ಅವಳು ಕೇಳಿ ನಕ್ಕುಬಿಟ್ಟಳು. ಮೀನು ಈಜುತ್ತಿವೆ ಎಂದರೆ ಮಷೀನು ಮಲಗಿಲ್ಲ, ಪೂರ್ತಿ ಎಚ್ಚರವಿದ್ದು ನಿಮಗೋಸ್ಕರ ಮೀನು ಕಾಯುತ್ತಿದೆ ಎಂದಳು. ಎರಡು ವರ್ಷದಿಂದ ಒಂದು ಬಡ ಜೀವವನ್ನು ರಾತ್ರಿಯೆಲ್ಲ ನಿಲ್ಲಿಸಿಟ್ಟಿದ್ದೆನಲ್ಲ ಎಂದು ಕಲ್ಯಾಣಪ್ಪನಿಗೆ ನಾಚಿಕೆಯಾಯಿತು. ಆಮೇಲೆ ಅನುಜಾ ಪವರ್ ಸೆಟ್ಟಿಂಗ್ ಎಂಬ ಜಾಗವಿದೆ, ಅದರಲ್ಲಿ ಇಂತಿಷ್ಟು ನಿಮಿಷಕ್ಕೆ ಪರದೆ ಆರಲಿ, ಇಂತಿಷ್ಟಕ್ಕೆ ಮಷೀನು ನಿಜವಾಗಿ ಮಲಗಲಿ ಎಂದು ಹೇಳಿಡಬಹುದು, ಮಲಗಿದರೆ ಅದು ಚಿಕ್ಕ ದೀಪದಷ್ಟೂ ಕರೆಂಟು ತಿನ್ನುವುದಿಲ್ಲ ಎಂದಳು.

ಕಲ್ಯಾಣಪ್ಪ ಒಳಗೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ತನಗೆ ಒಂದೇ ದಿನ ಕೊಡಬೇಕೆಂದು ಹೆಂಡತಿಯನ್ನು ಕೇಳಿದ. ಅವಳು ಒಪ್ಪಿದಳು. ಆದರೆ ಅಡತಿಯ ಗುಮಾಸ್ತನ ಜೊತೆ ಇಪ್ಪತ್ತು ವರ್ಷ ಬಾಳಿದವಳು ಸುಮ್ಮನೆ ಒಪ್ಪುತ್ತಾಳೆಯೇ. ಎದುರುಮನೆಯ ಹುಸೇನಪೀರನನ್ನು ಕರೆಸಿದಳು.

ಹುಸೇನಪೀರ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪಿನ ಮೋಟರುಗಳಿಗೆ ತಂತಿ ಸುತ್ತುವವನು. ಕರೆಂಟಿನ ವಿಷಯದಲ್ಲಿ ಅಪ್ಪ ಮಗನೆಂದು ನೋಡುವವನಲ್ಲ. ಅವನ ಹತ್ತಿರ ಒಂದು ಪುಟ್ಟ ಪೆಟ್ಟಿಗೆ ಇತ್ತು. ಗೋಡೆಯ ಪ್ಲಗ್ಗಿಗೂ ಮಷೀನಿಗೂ ನಡುವೆ ಅದನ್ನು ಸಿಕ್ಕಿಸಿದರೆ, ಒಂದು ಯೂನಿಟ್ಟನ್ನು ಸಾವಿರ ಪಾಲು ಮಾಡಿ, ಎಷ್ಟು ಪಾಲು ತಿಂದಿತೆಂದು ತೋರಿಸುತ್ತಿತ್ತು. ಈ ಕಂಪ್ಯೂಟರು ಎಚ್ಚರವಿದ್ದರೆ ತಾಸಿಗೆ ನೂರು ಪಾಲು ತಿನ್ನುತ್ತದೆ, ಸಂಜೆ ಐದರೊಳಗೆ ಹೆಚ್ಚು ಕಡಿಮೆ ಒಂದು ಯೂನಿಟ್ಟು ಎಂದು ಅವನು ಹೇಳಿದ.

ಕಲ್ಯಾಣಪ್ಪ ಅರ್ಧ ಯೂನಿಟ್ಟೆಂದ. ಶಿವಕಾಂತಾ ಕಾಲು ಎಂದಳು. ಅವನು ಅರ್ಧದ ಹತ್ತಿರ ಸ್ವಲ್ಪ ಹೊತ್ತು ಎಳೆದಾಡಿದ, ಅವಳು ಕಾಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಕೊನೆಗೆ ಪಂಥ ಹೀಗೆ ನಿಂತಿತು. ಐದು ಗಂಟೆಗೆ ಪೆಟ್ಟಿಗೆಯಲ್ಲಿ ಇನ್ನೂರೈವತ್ತು ಪಾಲಿಗಿಂತ ಕಡಿಮೆ ಇದ್ದರೆ ಕಂಪ್ಯೂಟರು ಮನೆಯಲ್ಲೇ ಉಳಿಯುತ್ತದೆ, ಶಿವಕಾಂತಾ ಮತ್ತೆ ಆ ಮಾತೆತ್ತುವುದಿಲ್ಲ, ತಮ್ಮನನ್ನು ಖಾಲಿ ಗಾಡಿಯಲ್ಲಿ ಕಳಿಸುತ್ತಾಳೆ. ಹೆಚ್ಚಿದ್ದರೆ ಅದು ಇಜೇರಿಗೆ.

"ಮತ್ತ ಒಂದು ಮಾತು," ಎಂದಳು ಶಿವಕಾಂತಾ. "ಬಟ್ಟಿ ಮುಚ್ಚಿ ಇಡೋದಲ್ಲ. ಮುಚ್ಚಿಟ್ರ ಹಿಟ್ಟಿನ ಗಿರಣಿನೂ ಕರೆಂಟ್ ತಿನ್ನಂಗಿಲ್ಲ. ಇವತ್ತು ಯಾರು ಕೆಲಸಕ್ಕ ಬಂದ್ರೂ ಮಾಡಿ ಕೊಡಬೇಕು."

ಅದರಲ್ಲೇನಿದೆ ಎಂದು ಕಲ್ಯಾಣಪ್ಪ ಒಪ್ಪಿದ. ಅವನು ಟೇಬಲ್ಲಿನ ಕಡೆಗೆ ತಿರುಗುವಷ್ಟರಲ್ಲಿ ಶಿವಕಾಂತಾ ಬಾಗಿಲಿಗೆ ಹೋಗಿ, ಇವತ್ತು ನಮ್ಮವರು ಮನೆಯಲ್ಲೇ ಇದ್ದಾರೆ, ಯಾರದು ಏನು ಕಂಪ್ಯೂಟರಿನ ಕೆಲಸವಿದ್ದರೂ ಬರಬೇಕೆಂದು ಓಣಿಗೆ ಸುದ್ದಿ ಮುಟ್ಟಿಸಿ ಬಂದಳು.

ಎಂಟಕ್ಕೆ ಪೆಟ್ಟಿಗೆ ಸೊನ್ನೆಯಿಂದ ಹೊರಟಿತು. ಕಲ್ಯಾಣಪ್ಪ ಮೊದಲು ಮೀನುಗಳನ್ನು ಓಡಿಸಿದ. ಅನುಜಾ ಐದು ನಿಮಿಷಕ್ಕೆ ಪರದೆ, ಹದಿನೈದು ನಿಮಿಷಕ್ಕೆ ನಿದ್ದೆ ಎಂದು ಹೇಳಿದ್ದಳು. ಹೇಳಿದ ದರಕ್ಕೆ ಯಾವ ಮಾಲೂ ಕೊಂಡು ಗೊತ್ತಿಲ್ಲದ ಕಲ್ಯಾಣಪ್ಪ ಹದಿನೈದನ್ನು ಹತ್ತಕ್ಕೆ ಇಳಿಸಿದ, ಹತ್ತನ್ನು ಮೂರಕ್ಕೆ, ಮೂರನ್ನು ಒಂದಕ್ಕೆ. ಪರದೆಯ ಬೆಳಕನ್ನು ಇಳಿಸುತ್ತ ಇಳಿಸುತ್ತ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರೆ ಅಕ್ಷರವಿದೆ ಎಂಬ ಅನುಮಾನ ಬರುವಷ್ಟಕ್ಕೆ ತಂದು ನಿಲ್ಲಿಸಿದ. ನಿಮಿಷ ಕಳೆಯಿತು, ಮಷೀನು ಒಂದು ನಿಟ್ಟುಸಿರು ಬಿಟ್ಟು ಮಲಗಿತು. ಹುಸೇನಪೀರನ ಪೆಟ್ಟಿಗೆ ನಿಂತಲ್ಲೇ ನಿಂತಿತು. ಕಲ್ಯಾಣಪ್ಪ ಮೀಸೆ ಮುಟ್ಟಿಕೊಂಡ.

ಮೊದಲು ಬಂದವಳು ಫರಹತ. ಹೊಲಿಗೆ ಮಷೀನಿಗೆ ಅರ್ಜಿ ಹಾಕಬೇಕಾಗಿತ್ತು, ಇವತ್ತೇ ಕಡೆಯ ದಿನ. ಅವಳು ಹೇಳುತ್ತ ಹೋದಳು, ಕಲ್ಯಾಣಪ್ಪ ಎರಡು ಬೆರಳಿನಲ್ಲಿ ಅಕ್ಷರ ಹುಡುಕಿ ಕುಟ್ಟುತ್ತ ಹೋದ. ಅವನಿಗೆ ಒಂದು ಒತ್ತಕ್ಷರ ಸಿಗುವಷ್ಟರಲ್ಲಿ ನಿಮಿಷ ತುಂಬಿ ಪರದೆ ಆರಿಹೋಗುತ್ತಿತ್ತು. ಮೊದಲ ಸಲ ಆರಿದಾಗ ಫರಹತ, ತಾನು ಗಂಡನ ಹೆಸರು ತಪ್ಪು ಹೇಳಿದ್ದಕ್ಕೆ ಸರ್ಕಾರಕ್ಕೆ ಸಿಟ್ಟು ಬಂತೆಂದು ತಿಳಿದು ಗಾಬರಿಯಾದಳು. ಆಮೇಲೆ ಇಬ್ಬರೂ ಒಂದು ವ್ಯವಸ್ಥೆಗೆ ಬಂದರು. ಅವನು ಅಕ್ಷರ ಹುಡುಕುವಾಗ ಅವಳು ಪಾಯಸ ತಿರುವಿದಂತೆ ಮೌಸನ್ನು ತಿರುವುತ್ತಿರಬೇಕು. ಹೀಗೆ ಅರ್ಧ ಅರ್ಜಿ ಮುಗಿದಾಗ ಪಾಸ್‌ಬುಕ್ಕು ಬೇಕಾಯಿತು. ತರುತ್ತೇನೆಂದು ಹೋದವಳು ಮನೆಯಲ್ಲಿ ಯಾರೋ ನೆಂಟರು ಬಂದದ್ದರಿಂದ ಅಲ್ಲೇ ಉಳಿದಳು. ಪೆಟ್ಟಿಗೆಯಲ್ಲಿ ಐವತ್ತಾಗಿತ್ತು. ಅರ್ಧ ಅರ್ಜಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಂಪ್ಯೂಟರು ಮಲಗಿತು.

ಆದರೆ ಮಲಗಿದ್ದು ಮತ್ತೆ ಮತ್ತೆ ಏಳತೊಡಗಿತು. ಯಾರೂ ಮುಟ್ಟಿಲ್ಲ, ಆದರೂ ಪರದೆ ಫಕ್ಕನೆ ಬೆಳಗುತ್ತದೆ, ನಿಮಿಷ ಕಳೆದು ಆರುತ್ತದೆ, ಮತ್ತೆ ಬೆಳಗುತ್ತದೆ. ಅಮಾವಾಸ್ಯೆಯ ದಿನ ಇಂಥದ್ದನ್ನು ನೋಡಿ ಕಲ್ಯಾಣಪ್ಪ ಒಂದು ಗಳಿಗೆ ವಿಭೂತಿಗೆ ಕೈ ಹಾಕಿದ. ಆಮೇಲೆ ಅವನಿಗೆ ಸದ್ದು ಕೇಳಿಸಿತು. ಗೋಡೆಯ ಆಚೆ ಅಡುಗೆಮನೆಯಲ್ಲಿ ಶಿವಕಾಂತಾ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅವಳು ತಟ್ಟಿದರೆ ಗೋಡೆ ನಡುಗುತ್ತಿತ್ತು, ಗೋಡೆಗೆ ತಾಗಿದ ಟೇಬಲ್ಲು ನಡುಗುತ್ತಿತ್ತು, ಟೇಬಲ್ಲಿನ ಮೇಲಿನ ಮೌಸು ಒಂದು ಕೂದಲೆಳೆ ಸರಿಯುತ್ತಿತ್ತು. ಅಷ್ಟು ಸಾಕು, ಮಷೀನು ಎದ್ದು ಕೂರುತ್ತಿತ್ತು.

ಬೇಕೆಂದೇ ಜೋರಾಗಿ ತಟ್ಟುತ್ತಿದ್ದೀಯ ಎಂದು ಕಲ್ಯಾಣಪ್ಪ ಜಗಳಕ್ಕೆ ಹೋದ. ತಮ್ಮ ಉಣ್ಣುವವನಿದ್ದಾನೆ, ರೊಟ್ಟಿಯನ್ನು ಸವರಿ ಮಾಡಲು ಬರುವುದಿಲ್ಲ ಎಂದು ಅವಳು ಇನ್ನೊಂದು ಹಿಟ್ಟಿನ ಮುದ್ದೆ ತೆಗೆದಳು. ಅವನು ಹಿಂದಿರುಗಿ ಬಂದು, ಹೊದೆಯುವ ಕೌದಿಯನ್ನು ಎಂಟು ಮಡಿಕೆ ಮಾಡಿ, ಅದರ ಮೇಲೆ ಮೌಸನ್ನು ಬೆನ್ನ ಮೇಲೆ ಮಲಗಿಸಿದ. ಆಮೇಲೆ ಮೂವತ್ತು ರೊಟ್ಟಿ ಆದವು, ಕಂಪ್ಯೂಟರು ಮಿಸುಕಲಿಲ್ಲ. ಪೆಟ್ಟಿಗೆಯಲ್ಲಿ ಎಪ್ಪತ್ತೆರಡು.

ಅಷ್ಟರಲ್ಲಿ ಜಾನಕೀಬಾಯಿ ಕೋಲೂರಿಕೊಂಡು ಬಂದಳು. ಸೊಲ್ಲಾಪುರದಲ್ಲಿರುವ ಮಗ ಧೀರೇಂದ್ರನ ಮುಖ ನೋಡಿ ಮಾತಾಡಬೇಕೆಂದಳು. ಇವಳಿಗೆ ಇಲ್ಲವೆನ್ನುವುದು ಪಂಥವಿಲ್ಲದ ದಿನವೂ ಆಗದ ಮಾತು. ಕಲ್ಯಾಣಪ್ಪ ಕರೆ ಹಚ್ಚಿ ಕೊಟ್ಟ. ಅಕ್ಷರವೇ ಕಾಣದ ಪರದೆಯ ಮೇಲೆ ಧೀರೇಂದ್ರ ಸಂಜೆಗತ್ತಲಲ್ಲಿ ನಿಂತವನಂತೆ ಕಂಡ. ಜಾನಕೀಬಾಯಿ ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಏನೋ ಧೀರಾ, ಇಷ್ಟ್ಯಾಕ ಕಪ್ಪಾಗೀಯೋ? ಹೊಟ್ಟಿಗೆ ಸರಿಯಾಗಿ ಹಾಕ್ತಾರೋ ಇಲ್ಲೋ ನಿನಗ?"

ಧೀರೇಂದ್ರ ತಾನು ಆರಾಮಿದ್ದೇನೆಂದ. ಅವನ ಹೆಂಡತಿ ಬಂದು ತಾನೂ ಮುಖ ತೋರಿಸಿದಳು, ಅವಳೂ ಕಪ್ಪಾಗಿದ್ದಳು. ಇಡೀ ಮನೆಗೆ ಕಾಮಾಲೆಯೋ ಮತ್ತೇನೋ ಬಡಿದಿದೆ ಎಂದು ಜಾನಕೀಬಾಯಿ ಸೆರಗು ಕಣ್ಣಿಗೆ ಹಚ್ಚಿದಳು. ಸೊಲ್ಲಾಪುರದವರು ಹಗಲು ಹೊತ್ತಿನಲ್ಲಿ ಮನೆಯ ದೀಪಗಳನ್ನೆಲ್ಲ ಹಚ್ಚಿದರು, ಕಿಟಕಿ ತೆರೆದರು, ಕೊನೆಗೆ ಬಾಲ್ಕನಿಗೆ ಬಂದು ಬಿಸಿಲಲ್ಲಿ ನಿಂತರು. ಬಣ್ಣ ತಿರುಗಲಿಲ್ಲ. ಮುದುಕಿಯ ಅಳು ನೋಡಲಾರದೆ ಕಲ್ಯಾಣಪ್ಪ ಕೈಯಾರೆ ಪರದೆಯ ಬೆಳಕು ಏರಿಸಿದ. ಮಗನ ಬಣ್ಣ ತಿರುಗಿದ್ದನ್ನು ಕಂಡು ಜಾನಕೀಬಾಯಿಗೆ ಎಷ್ಟು ಸಂತೋಷವಾಯಿತೆಂದರೆ, ಮುಗಿಸಲಿದ್ದ ಮಾತನ್ನು ಮೊದಲಿನಿಂದ ಶುರು ಮಾಡಿದಳು. ಪೆಟ್ಟಿಗೆಯ ಅಂಕಿ ಓಡುತ್ತಿತ್ತು. ನೂರು ದಾಟಿತು, ನೂರಿಪ್ಪತ್ತು ದಾಟಿತು. ಅಡುಗೆಮನೆಯಿಂದ ಶಿವಕಾಂತಾ, ಅಜ್ಜಿ, ಸಾವಕಾಶ ಮಾತಾಡ್ರಿ ಎಂದು ಹೇಳಿ ಚಹಾ ಕಳಿಸಿದಳು.

ನೂರ ನಲವತ್ತಕ್ಕೆ ಮಾತು ಮುಗಿದು ಮಷೀನು ಮಲಗಿತು, ಮರುಗಳಿಗೆ ಕರೆಂಟು ಹೋಯಿತು.

ಕರೆಂಟು ಹೋದದ್ದಕ್ಕೆ ಎರಡೂ ಕೈ ಮೇಲೆತ್ತಿ ಖುಷಿಪಟ್ಟ ಮೊದಲ ಮನುಷ್ಯ ಆಳಂದದಲ್ಲಿ ಕಲ್ಯಾಣಪ್ಪನೇ ಇರಬೇಕು. ಲೈನಿನ ಮೇಲೆ ಕೆಲಸ ನಡೆದಿದೆ, ಒಂದಕ್ಕೆ ಬರುತ್ತದೆ ಎಂದು ಸುದ್ದಿ ಬಂತು. ಒಂದೂವರೆ ತಾಸು ಬಿಟ್ಟಿ ಸಿಕ್ಕಿತೆಂದು ಅವನು ಊಟಕ್ಕೆ ಕೂತು ಮೂರು ರೊಟ್ಟಿ ಹೆಚ್ಚಿಗೆ ತಿಂದ. ಊಟದ ನಡುವೆಯೇ ಹುಸೇನಪೀರ ಒಂದು ಕಾಗದ ಹಿಡಿದು ಬಂದ.

"ಇನ್ಸಾಫ್ ಅಂದ್ರ ಇನ್ಸಾಫ್, ನ್ಯಾಯ ನ್ಯಾಯಾನೇ ಕಲ್ಯಾಣಪ್ಪ. ಮಳೀ ಬಂದು ಮ್ಯಾಚ್ ನಿಂತ್ರ ರನ್ನೂ ಕಡಿಮಿ ಮಾಡ್ತಾರ. ಕರೆಂಟ್ ಇಲ್ಲದ ಹೊತ್ತು ಕಳದ್ರ ನಿನಗ ಸಿಗೋದು ಇನ್ನೂರಾ ಹತ್ತು ಪಾಲು ಅಷ್ಟೇ."

ಕಲ್ಯಾಣಪ್ಪನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಶಿವಕಾಂತಾ ಹುಸೇನಪೀರನಿಗೊಂದು ತಾಟು ಹಾಕಿ, ಎಣ್ಣೆಗಾಯಿ ಬಡಿಸಿದಳು.

ಒಂದಕ್ಕೆ ಕರೆಂಟು ಬಂತು, ಫರಹತ ಪಾಸ್‌ಬುಕ್ಕು ಹಿಡಿದು ಬಂದಳು, ಅರ್ಜಿ ಮಾತ್ರ ಬರಲಿಲ್ಲ. ಮಲಗಿದ್ದ ಮಷೀನಿಗೆ ಕರೆಂಟು ತಪ್ಪಿದ್ದೇ ಅದರ ತಲೆಯಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು. ಫರಹತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಯಾಣಪ್ಪ ಮತ್ತೆ ಅಫಜಲಪುರಕ್ಕೆ ಫೋನು ಮಾಡಿದ. ಮಲಗಿಸುವುದರಲ್ಲಿ ಇನ್ನೊಂದು ಬಗೆಯಿದೆ, ಹೈಬರ್ನೇಟ್ ಎನ್ನುತ್ತಾರೆ, ಅದರಲ್ಲಿ ಮಷೀನು ತನ್ನ ಕೆಲಸವನ್ನೆಲ್ಲ ಮೊದಲು ಬರೆದಿಟ್ಟುಕೊಂಡು ಆಮೇಲೆ ಕಣ್ಣು ಮುಚ್ಚುತ್ತದೆ, ಕರೆಂಟು ಹೋದರೂ ಏನೂ ಕಳೆಯುವುದಿಲ್ಲ ಎಂದು ಅನುಜಾ ಹೇಳಿಕೊಟ್ಟಳು. ಅರ್ಧ ಕಿವಿ ಎಲ್ಲಿ ಹೋದೀತೋ ಎಂದು ಎರಡು ವರ್ಷ ಹೆದರಿದವನಿಗೆ ಆ ಮಾತು ಕೇಳಿ ಎದೆ ತುಂಬಿ ಬಂತು. ಪಂಥ ಸೋತರೂ ಗೆದ್ದರೂ ಇದೊಂದು ಸತ್ಯ ಗೊತ್ತಾಯಿತಲ್ಲ ಎನ್ನಿಸಿತು.

ಎರಡನೆಯ ಸಲ ಅಕ್ಷರಗಳು ಎಲ್ಲೆಲ್ಲಿವೆ ಎಂದು ಬೆರಳಿಗೆ ಗೊತ್ತಿತ್ತು. ಪೂರ್ತಿ ಅರ್ಜಿ ಹೋಯಿತು, ಸ್ವೀಕರಿಸಿದೆವೆಂದು ಉತ್ತರವೂ ಬಂತು. ಫರಹತ ಎರಡೂ ಕೈಯಿಂದ ಅವನ ತಲೆಯ ದೃಷ್ಟಿ ತೆಗೆದು, ನೆಟಿಗೆ ಮುರಿದು ಹೋದಳು. ಪೆಟ್ಟಿಗೆಯಲ್ಲಿ ನೂರ ತೊಂಬತ್ತೆಂಟು. ಕಲ್ಯಾಣಪ್ಪ ಕಂಪ್ಯೂಟರನ್ನು ಹೈಬರ್ನೇಟಿಗೆ ಕಳಿಸಿ, ಕುರ್ಚಿಯನ್ನು ಬಾಗಿಲಿಗೆ ಅಡ್ಡ ಇಟ್ಟುಕೊಂಡು ಕೂತ. ಯಾರಿಗೂ ಇಲ್ಲವೆನ್ನುವ ಹಾಗಿರಲಿಲ್ಲ. ಆದರೆ ಬಂದವರು ಅವನ ಮುಖ ನೋಡಿ ತಾವಾಗಿ ಹಿಂದೆ ಹೋದರೆ ಅದು ಅವನ ತಪ್ಪೇನಲ್ಲ.

ಮೂರಾಯಿತು, ನಾಲ್ಕಾಯಿತು. ಸುದ್ದಿ ಹಬ್ಬಿ ಓಣಿಯ ಅರ್ಧ ಜನ ಕಟ್ಟೆಯ ಮೇಲೆ ಬಂದು ಕೂತಿದ್ದರು. ಗೆಲ್ಲುತ್ತಾನೆಂದು ಫರಹತ, ಗೆಲ್ಲಲೇಬೇಕೆಂದು ಜಾನಕೀಬಾಯಿ. ನಾಲ್ಕೂವರೆಗೆ ಪೆಟ್ಟಿಗೆಯಲ್ಲಿ ಇನ್ನೂರು. ಹತ್ತು ಪಾಲು ಉಳಿದಿತ್ತು. ಆಗ ನ್ಯಾಯ ನೋಡಲು ಬಂದು ಕೂತಿದ್ದ ಹುಸೇನಪೀರ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಮಟಕಿ ಊರಿನ ಒಬ್ಬ ರೈತನ ಮೋಟರು ಮತ್ತೆ ಮತ್ತೆ ಸುಡುತ್ತಿದೆ, ಕಂಪನಿಗೆ ಒಂದು ಪತ್ರ ಟೈಪು ಮಾಡಿ ಕಳಿಸಬೇಕಾಗಿತ್ತು, ಮರೆತೇ ಬಿಟ್ಟಿದ್ದೆ ಎಂದ. ಕಟ್ಟೆಯ ಮೇಲಿದ್ದವರೆಲ್ಲ ಅವನನ್ನು ನೋಡಿದರು.

"ನಾ ಏನ್ ಮಾಡ್ಲಿ," ಎಂದ ಹುಸೇನಪೀರ, "ಕೆಲಸ ಅಂದ್ರ ಕೆಲಸ. ಶರತ್ತು ನಿಮ್ಮದೇ ಅದ."

ಹತ್ತು ಪಾಲು ಎಂದರೆ ಆರು ನಿಮಿಷ. ಅದರಲ್ಲಿ ಮಷೀನು ಏಳಲು ಒಂದು, ಮತ್ತೆ ಮಲಗಲು ಅರ್ಧ. ಕಲ್ಯಾಣಪ್ಪ ಗಾಬರಿಯಾಗಲಿಲ್ಲ. ಆ ಹೊತ್ತಿಗೆ ಅವನು ಗಾಬರಿಯಾಗುವ ಹಂತ ದಾಟಿ ಹೋಗಿದ್ದ. ಪತ್ರವನ್ನು ಮೊದಲು ಕಾಗದದ ಮೇಲೆ ಬರೆಸಿಕೊಂಡ, ಏಳು ಸಾಲನ್ನು ನಾಲ್ಕಕ್ಕೆ ಇಳಿಸಿದ. ಆಮೇಲೆ ಕಂಪ್ಯೂಟರು ಹಾಗೇ ಮಲಗಿರುವಾಗ, ಜೀವವಿಲ್ಲದ ಕೀಬೋರ್ಡಿನ ಮೇಲೆ ಆ ನಾಲ್ಕು ಸಾಲನ್ನು ಟೈಪು ಮಾಡಿದ. ಮತ್ತೊಮ್ಮೆ ಮಾಡಿದ. ಮೂರನೆಯ ಸಲ ಕಣ್ಣು ಮುಚ್ಚಿ ಮಾಡಿದ. ಓಣಿ ಉಸಿರು ಬಿಗಿಹಿಡಿದು ನೋಡುತ್ತಿತ್ತು, ಶಿವಕಾಂತಾ ಕೂಡ ಸೆರಗಿನಲ್ಲಿ ಕೈ ಒರೆಸುತ್ತ ಬಂದು ನಿಂತಳು. ಆಮೇಲೆ ಅವನು ಗುಂಡಿ ಒತ್ತಿದ.

ಮಷೀನು ಎದ್ದಿತು. ಎರಡು ಬೆರಳು ಮಳೆಯ ಹನಿಯ ಹಾಗೆ ಬಿದ್ದವು. ಪತ್ರ ಆಯಿತು, ಹೋಯಿತು, ಮಷೀನು ಮಲಗಿತು. ಹುಸೇನಪೀರ ಬಗ್ಗಿ ಪೆಟ್ಟಿಗೆ ನೋಡಿದ. ಐದು ಹೊಡೆಯುವವರೆಗೆ ಬಾಯಿ ಬಿಡಲಿಲ್ಲ. ಹೊಡೆದ ಮೇಲೆ 'ಇನ್ನೂರಾ ಎಂಟು' ಎಂದ.

ಓಣಿ ಹೋ ಎಂದಿತು. ಫರಹತ ಮನೆಗೆ ಓಡಿಹೋಗಿ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿದಳು. ಜಾನಕೀಬಾಯಿ ಅವನ ಗಲ್ಲ ಹಿಡಿದು ನೂರು ವರ್ಷ ಬಾಳೆಂದಳು. ಕಲ್ಯಾಣಪ್ಪನಿಗೆ ಇಡೀ ಬದುಕಿನಲ್ಲಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಕಣ್ಣು ಒದ್ದೆಯಾದವು. ಶಿವಕಾಂತಾ ಒಂದು ಮಾತೂ ಎಳೆದಾಡಲಿಲ್ಲ. ನಾನು ಸೋತೆ, ಕಂಪ್ಯೂಟರು ನಿಮ್ಮದು, ಇನ್ನು ಮೇಲೆ ನಾನಾಗಿ ಅದನ್ನು ಯಾರಿಗೂ ಕಳಿಸುವುದಿಲ್ಲ ಎಂದು ಎಲ್ಲರ ಎದುರು ಒಪ್ಪಿಕೊಂಡಳು. ಸೋಲುವುದಿದ್ದರೆ ಹೀಗೆ ಸೋಲಬೇಕು ಎಂದು ಹುಸೇನಪೀರ ತಲೆದೂಗಿದ.

ಅದೇ ಹೊತ್ತಿಗೆ ಶಿವಪ್ರಕಾಶನ ಪಿಕಪ್ಪು ಗಾಡಿ ಓಣಿಯೊಳಗೆ ಬಂತು. ಅಕ್ಕ ಎದುರು ಹೋಗಿ, ಕಂಪ್ಯೂಟರು ಇಲ್ಲ, ಪಂಥ ಸೋತೆ ಎಂದು ಹೇಳಿದಳು. ಶಿವಪ್ರಕಾಶ ಬೇಸರ ಮಾಡಿಕೊಳ್ಳಲಿಲ್ಲ. ಕೈಕಾಲು ತೊಳೆದುಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಅಕ್ಕನ ಗಂಡನಾದ ಮಾವ ಗೆದ್ದ ಕತೆಯನ್ನು ಪೂರ್ತಿ ಕೇಳಿದ. ಕೇಳಿದ ಮೇಲೆ ಪೆಟ್ಟಿಗೆಯನ್ನು ಒಂದು ಸಲ ನೋಡಿ ತುಟಿ ಡೊಂಕು ಮಾಡಿದ.

"ಆಳಂದದ ಕರೆಂಟಿಗಿ ನಡೀತದ್ರಿ ಮಾವಾರ. ನಮ್ಮ ಇಜೇರ್ಯಾಗ ಇದು ನಡಿಯಂಗಿಲ್ಲ."

ಕಲ್ಯಾಣಪ್ಪ ಸಕ್ಕರೆ ನುಂಗುವುದನ್ನು ನಿಲ್ಲಿಸಿದ. ಯಾಕೆ ನಡೆಯುವುದಿಲ್ಲ ಎಂದು ಕೇಳಿದ. ತಮ್ಮಲ್ಲಿ ಅರ್ಧ ದಿನ ಇನ್ವರ್ಟರಿನ ಮೇಲೆಯೇ ಇರಬೇಕು, ಈ ಮಷೀನು ಹಚ್ಚಿದರೆ ಬ್ಯಾಟರಿ ತಾಸಿನಲ್ಲಿ ಸತ್ತುಹೋಗುತ್ತದೆ, ಹಳೆಯ ಮಾಲು, ಇಲ್ಲೇ ಇರಲಿ ಬಿಡಿ ಎಂದು ಶಿವಪ್ರಕಾಶ ಹೇಳಿದ. ಕಲ್ಯಾಣಪ್ಪ ಪರದೆಯ ಬೆಳಕಿನ ವಿಷಯ ಹೇಳಿದ, ಹೈಬರ್ನೇಟಿನ ವಿಷಯ ಹೇಳಿದ, ಕೌದಿಯ ಮೇಲಿನ ಮೌಸಿನ ವಿಷಯ ಹೇಳಿದ. ಶಿವಪ್ರಕಾಶ ಎಲ್ಲದಕ್ಕೂ ತಲೆ ಅಲ್ಲಾಡಿಸಿ, ಹೇಳಲಿಕ್ಕೆ ಚೆನ್ನಾಗಿದೆ, ಆದರೆ ಇಜೇರಿಯಲ್ಲಿ ನಡೆಯುವುದಿಲ್ಲ ಎಂದ. ಫರಹತ ನಡೆಯುತ್ತದೆ ಎಂದಳು. ಜಾನಕೀಬಾಯಿ ನಡೆಯದೆ ಏನು ಎಂದಳು. ಹುಸೇನಪೀರ, ಕಣ್ಣಾರೆ ತೋರಿಸದೆ ಈ ಮಾತು ಮುಗಿಯುವುದಿಲ್ಲ ಎಂದ. ಓಣಿಯ ಮರ್ಯಾದೆಯೇ ತನ್ನ ಹೆಗಲ ಮೇಲಿದೆ ಎಂದು ಕಲ್ಯಾಣಪ್ಪನಿಗೆ ಅನ್ನಿಸಿತು. ಅವನು ಎದ್ದು ನಿಂತ.

"ನಡಿಯಂಗಿಲ್ಲೇನು? ಹಾಕು ಗಾಡಿಗಿ. ನಿನ್ನ ಇನ್ವರ್ಟರ್ ಮ್ಯಾಲೇ ಇಡೀ ದಿನ ನಡಸಿ ತೋರಸ್ತೇನಿ."

ಆಮೇಲೆ ನಡೆದದ್ದೆಲ್ಲ ಮೆರವಣಿಗೆಯ ಹಾಗೆ ನಡೆಯಿತು. ಹುಸೇನಪೀರ ತಂತಿಗಳನ್ನು ಬಿಚ್ಚಿ ಸುತ್ತಿಕೊಟ್ಟ, ತನ್ನ ಪೆಟ್ಟಿಗೆಯನ್ನೂ ಸಾಕ್ಷಿಗೆಂದು ಜೊತೆಗೆ ಕೊಟ್ಟ. ಫರಹತ ಮೌಸಿಗೆ ಕೌದಿ ಸುತ್ತಿದಳು. ಟೇಬಲ್ಲಿನ ಸಮೇತ ಕಂಪ್ಯೂಟರು ಗಾಡಿ ಏರಿತು, ಶಿವಕಾಂತಾ ದಾರಿಗೆಂದು ಉಳಿದ ರೊಟ್ಟಿಯ ಗಂಟನ್ನೂ ಏರಿಸಿದಳು. ಕಲ್ಯಾಣಪ್ಪ ಪರದೆಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡು ಶಿವಪ್ರಕಾಶನ ಪಕ್ಕ ಕೂತ. ಓಣಿಯ ತುದಿಯವರೆಗೂ ಜನ ಬಂದು ಕೈ ಬೀಸಿದರು. ಮದುವೆಯ ದಿನವೂ ಅವನಿಗೆ ಇಷ್ಟು ಜನ ಕೈ ಬೀಸಿದ್ದಿಲ್ಲ.

ಗಾಡಿ ಕಲಬುರಗಿ ರಸ್ತೆ ಹಿಡಿಯಿತು. ಎರಡೂ ಬದಿ ತೊಗರಿಯ ಹೊಲ. ಕಲ್ಯಾಣಪ್ಪ ಇನ್ನೂ ಗೆಲುವಿನ ಗುಂಗಿನಲ್ಲೇ ಇದ್ದ. ನಾಳೆ ಸಂಜೆಯೊಳಗೆ ತೋರಿಸಿ ಮುಗಿಸಿ, ನಾಡಿದ್ದು ಇದೇ ಗಾಡಿಯಲ್ಲಿ ಹಿಂದಿರುಗೋಣ ಎಂದ. ಶಿವಪ್ರಕಾಶ ಸ್ಟೇರಿಂಗು ಹಿಡಿದು ಮುಸಿಮುಸಿ ನಗತೊಡಗಿದ. ಯಾಕೆಂದು ಕೇಳಿದರೆ ಮೊದಲು ಹೇಳಲಿಲ್ಲ. ಒಂದು ಮೈಲು ಹೋದ ಮೇಲೆ ತಡೆಯಲಾಗದೆ ಹೇಳಿಬಿಟ್ಟ.

"ಅಕ್ಕ ಮಧ್ಯಾಹ್ನ ಫೋನ್ ಮಾಡಿದ್ಳರಿ. 'ನಿಮ್ಮ ಮಾವ ಗೆಲ್ಲಂಗ ಕಾಣಸ್ತದ. ನೀ ಬಂದು ಕೊಡ್ರಿ ಅಂತ ಕೇಳಬ್ಯಾಡ. ಇಜೇರ್ಯಾಗ ನಡಿಯಂಗಿಲ್ಲ ಅಂತ ಒಂದು ಮಾತ ಅನ್ನು, ಅವರೇ ಹೊತ್ಕೊಂಡು ಬರ್ತಾರ' ಅಂದ್ಳು. ಭುವನೇಶ್ವರಿ ಮುಂಜಾನಿಲಿಂದ ಮನ್ಯಾಗ ಒಂದು ಮೂಲಿ ಸಾರಿಸಿ, ಜಾಗಾ ಮಾಡಿ ಕುಂತಾಳ್ರಿ."

ಕಲ್ಯಾಣಪ್ಪ ಇಪ್ಪತ್ತೆರಡು ವರ್ಷ ಅಡತಿಯಲ್ಲಿ ಕೂತವನು. ತೊಗರಿ ಬೇಕೇ ಬೇಕಾದ ಗಿರಾಕಿಯೇ ಒಂದು ಹಿಡಿ ಎತ್ತಿ ನೋಡಿ ಮುಖ ಸಿಂಡರಿಸುತ್ತಾನೆ, ಇದು ನಡೆಯುವುದಿಲ್ಲ ಎನ್ನುತ್ತಾನೆ, ರೈತ ಸಿಟ್ಟಿಗೆದ್ದು ತಾನೇ ಚೀಲ ಹೊತ್ತು ಅವನ ಗಾಡಿಗೆ ಹಾಕುತ್ತಾನೆ. ದಿನಕ್ಕೆ ಹತ್ತು ಸಲ ಅದನ್ನು ಕಂಡು ಆ ರೈತರ ಬಗ್ಗೆ ಮನಸ್ಸಿನಲ್ಲೇ ನಕ್ಕವನು. ಅವನು ಗಾಡಿ ಹೊರಳಿಸು ಎಂದು ಕೂಗಿದ.

ಶಿವಪ್ರಕಾಶ ವಿಧೇಯನಾಗಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ.

"ಹೊರಳಸ್ತೇನ್ರಿ ಮಾವಾರ. ಆದ್ರ ಓಣಿ ಮಂದಿ ಇನ್ನೂ ಕಟ್ಟಿ ಮ್ಯಾಲೇ ಕುಂತಿರ್ತಾರ. ಯಾಕ ತಿರುಗಿ ಬಂದ್ರಿ ಅಂತ ಕೇಳಿದ್ರ ಏನ್ ಹೇಳೋಣ್ರಿ? ಇಜೇರ್ಯಾಗ ನಡಿಯಂಗಿಲ್ಲ ಅಂತೇನು?"

ಕಲ್ಯಾಣಪ್ಪ ಹಿಂದೆ ತಿರುಗಿ ಆಳಂದದ ಕಡೆಗೆ ನೋಡಿದ. ಮುಂದೆ ರಸ್ತೆಯ ಕಡೆಗೆ ನೋಡಿದ. ಆಮೇಲೆ ಮಡಿಲಲ್ಲಿದ್ದ ಪರದೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, ಗಾಡಿಯನ್ನು ಜೋರಾಗಿ ಓಡಿಸು ಎಂದ.